ಸಿಗಡಿ ನೂಡಲ್ಸಿನಲ್ಲಿ ಸಿಗಡಿಯೇ ಇರಲಿಲ್ಲ

"ನರ್ಸಮ್ಮ, ಬೇಗ ಬನ್ನಿ! ನಮ್ಮತ್ತೆ ಬೆಕ್ಕನ್ನ ಬುಟ್ಟಿಗೆ ತುಂಬ್ತಿದ್ದಾರೆ!"

ಎದುರುಮನೆಯ ದರ್ಜಿ ಏಪ್ರನ್ ಸಮೇತ ಓಡಿಬಂದಿದ್ದ. ನಮ್ಮ ಕಟ್ಟಡದಲ್ಲಿ ಏನು ಕಳೆದರೂ ನಿವೃತ್ತ ನರ್ಸಮ್ಮನೇ ಪತ್ತೇದಾರರು. ಪಕ್ಕದ ಮನೆಯ ಗಡಿಯಾರ ರಿಪೇರಿಯವನಾದ ನಾನು ಅವರ ಬಾಲಂಗೋಚಿ. ದರ್ಜಿಯ ಮನೆಯಲ್ಲಿ ಅಂದು ಊಟಕ್ಕೆ ನನಗೂ ಕರೆಯಿದ್ದುದರಿಂದ ಅವರಿಗಿಂತ ಮುಂದೆ ನಾನೇ ನುಗ್ಗಿದೆ.

ಬಾಣಲೆಯಲ್ಲಿ ಬೆಳ್ಳುಳ್ಳಿ, ಸೋಯಾ ಸಾಸಿನ ಘಮ. ನೂಡಲ್ಸ್ ಎಳೆಎಳೆಯಾಗಿತ್ತು. ಸಿಗಡಿ ಹೆಸರಿಗೂ ಇರಲಿಲ್ಲ.

"ಸಣ್ಣ ಉರೀಲಿಟ್ಟು, ಮುಚ್ಚಿ, ಫೋನ್ ಬಂತೂಂತ ಬಾಲ್ಕನಿಗೆ ಹೋದೆ. ಬಂದು ಮುಚ್ಚಳ ತೆಗೆದ್ರೆ ಹೀಗೆ! ಸಾಲದ್ದಕ್ಕೆ ಗ್ಯಾಸೂ ಮುಗಿದಿತ್ತು," ಎಂದ ದರ್ಜಿ.

"ಮೀಸೆ ನೆಕ್ಕೊಂಡು ಕೂತಿತ್ತು ಈ ಕಳ್ಳಬೆಕ್ಕು. ಇವತ್ತೇ ಮನೆಯಿಂದಾಚೆ!" ಎಂದರು ಅತ್ತೆ.

ದರ್ಜಿಯ ಕಣ್ಣು ತುಂಬಿತು. ಮರಿಯಾಗಿದ್ದಾಗಿನಿಂದ ಹಾಲೂಡಿಸಿ ಸಾಕಿದ್ದ ಬೆಕ್ಕು ಅದು.

"ನಾನಂತೂ ಮಲಗಿದ್ದೆ," ಎಂದರು ಮಾವ, ಗ್ಯಾಸ್ ಕಂಪನಿಯ ಸುರಕ್ಷತಾ ವಿಭಾಗದಿಂದ ನಿವೃತ್ತರಾದವರು. "ಡಾಕ್ಟ್ರು ಸಿಗಡಿ ಮುಟ್ಲೇಬೇಡಿ ಅಂದಿದ್ದಾರಲ್ಲ."

ನರ್ಸಮ್ಮ ಬಗ್ಗಿ ಸಿಲಿಂಡರ್ ಎತ್ತಲು ನೋಡಿದರು. ಅದು ಜಪ್ಪಯ್ಯ ಅನ್ನಲಿಲ್ಲ.

"ನಮ್ಮನೆಗೆ ಬನ್ನಿ, ಟೀ ಕುಡೀತಾ ಮಾತಾಡೋಣ. ಬುಟ್ಟಿನೂ ತನ್ನಿ."

ತಮ್ಮ ಅಡುಗೆಮನೆಯಲ್ಲಿ ಟೀಗೆ ಇಟ್ಟು ಎಲ್ಲರನ್ನೂ ಹಜಾರಕ್ಕೆ ಕರೆದರು. ಮಾವ ಕೊನೆಗೆ ಬಂದರು. ಎಷ್ಟು ಕಾದರೂ ಟೀ ಕುದಿಯುವ ಸದ್ದಿಲ್ಲ. ನಾನು ಹೋಗಿ ನೋಡಿದರೆ ಒಲೆ ಆರಿತ್ತು, ರೆಗ್ಯುಲೇಟರ್ ಬಂದ್ ಆಗಿತ್ತು.

"ಅಲ್ಲೂ ಇದೇ ಆಗಿದ್ದು," ಎಂದರು ನರ್ಸಮ್ಮ. "ತುಂಬಿದ ಸಿಲಿಂಡರ್ ಮುಗಿಯುತ್ತಾ? ಯಾರೋ ಬಂದ್ ಮಾಡಿದ್ದಾರೆ. ಬೆಕ್ಕು ಬಿಸಿ ಬಾಣಲೆಗೆ ಬಾಯಿ ಹಾಕಲ್ಲ, ಹಾಕಿದ್ರೂ ತಿರುಗಿ ಮುಚ್ಚಳ ಮುಚ್ಚಲ್ಲ. ಅತ್ತೆಯವರು ಬೇಕಾದ್ರೆ ತಟ್ಟೇಲೇ ತಿಂತಿದ್ರು. ಕದಿಯೋ ಗತಿ ಬಂದಿರೋದು ತಿನ್ನಬಾರದವರಿಗೆ. ಆದ್ರೆ ಪಾಪ, ಉರಿಯೋ ಒಲೆ ಬಿಟ್ಟು ಬರೋಕೆ ಅವರಿಗೆ ಮನಸ್ಸು ಒಪ್ಪಲ್ಲ."

ಮಾವ ತಲೆ ತಗ್ಗಿಸಿದರು. "ಆಗ್ಲೂ ಈಗ್ಲೂ ಕೈ ತಾನಾಗೇ ಹೋಯ್ತು ಕಣಮ್ಮ. ಸಪ್ಪೆ ಸೂಪು ಕುಡಿದೂ ಕುಡಿದೂ ನಾಲಿಗೆ ಜಡ್ಡುಗಟ್ಟಿತ್ತು. ಬೆಕ್ಕು ನೋಡ್ತಾ ನಿಂತಿತ್ತು, ಬಾಯಿ ಮುಚ್ಚಿಸೋಕೆ ಅದಕ್ಕೂ ಒಂದು ಕೊಟ್ಟೆ."

ಅತ್ತೆ ಬುಟ್ಟಿ ತೆರೆದರು. ಬೆಕ್ಕು ನೆಗೆದು ದರ್ಜಿಯ ಮಡಿಲು ಸೇರಿತು. ಅವನು ಅದರ ಬೆನ್ನಿಗೆ ಮುಖವಿಟ್ಟು ಅತ್ತುಬಿಟ್ಟ.

ಅತ್ತೆ ಖಾಲಿ ಬುಟ್ಟಿಯನ್ನು ಗಂಡನ ಮುಂದಿಟ್ಟರು.

"ಹೂಂ, ಹತ್ತಿ ಕೂತ್ಕೊಳ್ಳಿ."