ಮುಚ್ಚಳದ ಮೇಲಿನ ಹಸಿರು ಚುಕ್ಕೆ

ಶುಕ್ರವಾರ ಬೆಳಗ್ಗೆ 10.20ಕ್ಕೆ ಠಾಣೆಗೆ ದೂರು ತಂದವರು ಮಕ್ಕಳ ಮೂತ್ರಪಿಂಡದ ಕಾಯಿಲೆ ಕುರಿತು ಸಂಶೋಧನೆ ನಡೆಸುವ ಪ್ರಯೋಗಾಲಯದ ಮುಖ್ಯಸ್ಥೆ. ಇಬ್ಬರು ಮಕ್ಕಳ ಮೂತ್ರದ ಮಾದರಿಗಳನ್ನು ಯಾರೋ ಅದಲುಬದಲು ಮಾಡಿದ್ದಾರೆ ಎಂಬುದು ಅವರ ದೂರು.

ಬರೆದುಕೊಳ್ಳುತ್ತಿದ್ದ ಪೇದೆ ತುಟಿ ಕಚ್ಚಿ ನಗು ತಡೆದ. ಚಿನ್ನದಿಂದ ಚಪ್ಪಲಿಯವರೆಗೆ ಎಲ್ಲ ಬಗೆಯ ಕಳವು ಕಂಡಿದ್ದ ಇನ್ಸ್‌ಪೆಕ್ಟರಿಗೂ ಇದು ಹೊಸದೇ. ಆದರೆ ಮುಂದಿನ ಮಾತಿಗೆ ಇಬ್ಬರ ನಗುವೂ ಇಳಿದುಹೋಯಿತು.

"ಸೋಮವಾರ ಹೊಸ ಔಷಧಿ ಶುರು. ಹನ್ನೆರಡು ಮಕ್ಕಳಿಗಾಗುವಷ್ಟೇ ಇದೆ. ಮೂತ್ರದಲ್ಲಿ ಒಂದು ಅಂಶ ಇರೋರಿಗೆ ಮಾತ್ರ ಅದು ನಾಟುತ್ತೆ. ಮೊದಲ ಟೆಸ್ಟಲ್ಲಿ ಆ ಅಂಶ ಹದಿನೇಳನೇ ನಂಬರಿನ ಮಗುಗಿತ್ತು, ಇಪ್ಪತ್ತೆರಡಕ್ಕೆ ಇರಲಿಲ್ಲ. ಕೊನೇ ಟೆಸ್ಟಲ್ಲಿ ಉಲ್ಟಾ ಬಂದಿದೆ."

"ಹದಿನೇಳಕ್ಕೆ ಔಷಧಿ ತಪ್ಪಿದ್ರೆ?"

"ಇನ್ನೊಂದು ವರ್ಷ ಕಾಯೋ ಸ್ಥಿತಿಲಿಲ್ಲ ಆ ಮಗು."

10.55ಕ್ಕೆ ಎಫ್‌ಐಆರ್ ದಾಖಲಾಯಿತು. 11.40ಕ್ಕೆ ಇನ್ಸ್‌ಪೆಕ್ಟರ್ ಪ್ರಯೋಗಾಲಯದಲ್ಲಿದ್ದರು. ಮುಖ್ಯಸ್ಥೆ ಕೆಲಸದ ಕ್ರಮ ವಿವರಿಸಿದರು. ಹೆಪ್ಪುಗಟ್ಟಿಸಿಟ್ಟ ಮೂತ್ರವನ್ನು ಐಸಿನ ಮೇಲೆ ನಿಧಾನವಾಗಿ ಕರಗಿಸಬೇಕು, ಯಂತ್ರದಲ್ಲಿ ಗಿರಗಿರ ತಿರುಗಿಸಬೇಕು, ತಳದ ಗಸಿ ಬಿಟ್ಟು ಮೇಲಿನ ತಿಳಿಗೆ ಮೆಥನಾಲ್ ಬೆರೆಸಬೇಕು. ಪದೇಪದೇ ಕರಗಿದರೆ ಮಾದರಿ ಕೆಡುತ್ತದೆ. ಹಾಗಾಗಿ ಕರಗಿಸಿದವರು ಪ್ರತಿ ಸಲವೂ ಮುಚ್ಚಳದ ಮೇಲೆ ಒಂದು ಚುಕ್ಕೆ ಇಡಬೇಕು; ಒಬ್ಬೊಬ್ಬರದು ಒಂದೊಂದು ಬಣ್ಣದ ಶಾಯಿ.

ಕೊನೆಯ ಪರೀಕ್ಷೆಗೆಂದೇ ಬೇರೆಯಾಗಿ ತೆಗೆದಿಟ್ಟಿದ್ದ ನಲವತ್ತು ಮಕ್ಕಳ ಕೊಳವೆಗಳನ್ನು ಪೇದೆ ಒಂದೊಂದಾಗಿ ನೋಡಿದ. ಮೂವತ್ತೆಂಟರ ಮೇಲೆ ಒಂದೊಂದು ನೀಲಿ ಚುಕ್ಕೆ. ಹದಿನೇಳು, ಇಪ್ಪತ್ತೆರಡರ ಮೇಲೆ ನೀಲಿಯ ಪಕ್ಕದಲ್ಲಿ ಹಸಿರೂ ಇತ್ತು.

"ಹಸಿರು ಯಾರದು?"

"ಐಸಕ್ಕಂದು," ಎಂದ ನೀಲಿ ಶಾಯಿಯ ಟೆಕ್ನಿಷಿಯನ್. ಸದಾ ಐಸಿನ ತಟ್ಟೆ ಹಿಡಿದು ಓಡಾಡುವ ಹಿರಿಯ ಟೆಕ್ನಿಷಿಯನ್‌ಗೆ ಅಲ್ಲಿ ಎಲ್ಲರೂ ಇಟ್ಟಿದ್ದ ಹೆಸರದು.

"ನೋಡಿಯೂ ಸುಮ್ಮನಿದ್ರಾ?"

"ಅಕ್ಕ ತಪ್ಪು ಮಾಡಲ್ಲ ಸಾರ್. ಏನೋ ಕಾರಣ ಇರುತ್ತೆ ಅಂದ್ಕೊಂಡೆ."

ಆ ಎರಡನ್ನು ಆಕೆ ಹೊರತೆಗೆದ ದಾಖಲೆ ರಿಜಿಸ್ಟರಿನಲ್ಲಿ ಇರಲಿಲ್ಲ. ಪಂಚನಾಮೆ ಮುಗಿಸಿ ಕೊಳವೆಗಳನ್ನು ಐಸ್ ಪೆಟ್ಟಿಗೆಯಲ್ಲಿ ಮೊಹರು ಮಾಡಿದರು. ಪ್ರಯೋಗಾಲಯಕ್ಕೆ ಬರುವುದು ಬರೀ ನಂಬರು. ಹೆಸರುಗಳಿರುವ ಪುಸ್ತಕ ಆಸ್ಪತ್ರೆಯ ಬೀರುವಿನಲ್ಲಿತ್ತು. 3.15ಕ್ಕೆ ಅದನ್ನು ತೆರೆಸಿದಾಗ ಇಪ್ಪತ್ತೆರಡರ ಮುಂದೆ, ತಾಯಿ ಎಂಬಲ್ಲಿ, ಐಸಕ್ಕನ ಸಹಿ ಇತ್ತು. ಇನ್ಸ್‌ಪೆಕ್ಟರಿಗೆ ಕೇಸು ಬಗೆಹರಿದ ಖುಷಿಯೇ ಆಗಲಿಲ್ಲ.

ಠಾಣೆಯಲ್ಲಿ ಆಕೆ ಏನನ್ನೂ ಮುಚ್ಚಿಡಲಿಲ್ಲ.

"ಲೇಬಲ್ ಬದಲಾಯಿಸಬಹುದಿತ್ತಲ್ಲ?"

"ಆ ಚಳಿಗೆ ಲೇಬಲ್ ಕಿತ್ರೆ ಹರಿದುಹೋಗುತ್ತೆ ಸಾರ್. ಕರಗಿಸಿ, ಅದರದ್ದು ಇದಕ್ಕೆ, ಇದರದ್ದು ಅದಕ್ಕೆ ಸುರಿದೆ."

"ಕದ್ದು ಮಾಡೋ ಕೆಲಸಕ್ಕೆ ಚುಕ್ಕೆ ಯಾಕಿಟ್ರಿ?"

"ಹದಿನಾರು ವರ್ಷದಿಂದ ಇಡ್ತಿದೀನಿ. ಕೈ ತಾನಾಗೇ ಹೋಯ್ತು."

"ಔಷಧಿ ನಿಮ್ಮ ಮಗಳಿಗೆ ನಾಟಲ್ಲ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಮೊದಲ ಟೆಸ್ಟಿಗೆ ತಯಾರು ಮಾಡಿದ್ದೇ ನಾನು." ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆದ್ರೆ ರಿಸಲ್ಟ್ ಬರೋ ಮೊದಲೇ ಅವಳಿಗೆ ಹೇಳ್ಬಿಟ್ಟಿದ್ದೆ, ಹನ್ನೆರಡರಲ್ಲಿ ನೀನೂ ಒಬ್ಬಳು ಅಂತ. ಎಷ್ಟೋ ತಿಂಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡ್ಳು ಸಾರ್. ಆಮೇಲೆ ಇಲ್ಲ ಅನ್ನೋಕೆ ಬಾಯೇ ಬರಲಿಲ್ಲ."

"ಹದಿನೇಳನೇ ಮಗು?"

ಆಕೆ ತಲೆ ತಗ್ಗಿಸಿದಳು. "ಅದೂ ಯಾರದೋ ಮಗು ಅಂತ ಯೋಚಿಸಿದ್ರೆ ಕೈ ಓಡ್ತಿರಲಿಲ್ಲ. ಯೋಚಿಸಲೇ ಇಲ್ಲ."

5.30ಕ್ಕೆ ಬಂಧನ ದಾಖಲಾಯಿತು. ಮುಖ್ಯಸ್ಥೆಗೆ ಫೋನ್ ಹೋಯಿತು. ಹದಿನೇಳನೇ ಮಗು ಪಟ್ಟಿಗೆ ಸೇರಿತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಆಕೆಯ ಮೊಬೈಲ್ ಹೊಡೆದುಕೊಂಡಿತು. ಇನ್ಸ್‌ಪೆಕ್ಟರ್ ಅದನ್ನು ಆಕೆಯ ಕೈಗೇ ಕೊಟ್ಟರು.

"ಅಮ್ಮಾ, ಸೋಮವಾರ ಎಷ್ಟೊತ್ತಿಗೆ ಹೋಗಬೇಕು?" ಮಗುವಿನ ದನಿ ಎಲ್ಲರಿಗೂ ಕೇಳಿಸಿತು. ಪೇದೆ ಬರೆಯುವುದನ್ನು ನಿಲ್ಲಿಸಿದ.

ಆಕೆ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೋಗೋದಿಲ್ಲ ಕಂದಾ," ಎಂದಳು. "ನಿನಗಲ್ಲ ಅದು. ಅಮ್ಮ ಸುಳ್ಳು ಹೇಳಿದ್ಲು."