ಹೂಂ ಅನ್ನುವ ತಂತಿ

ಟಿಕ್ ಎಂದಿತು. ಟಣ್ಣನೆ ಗಂಟೆ ಹೊಡೆಯಬೇಕಾದ ಟೋಕನ್ ಯಂತ್ರ ಹಲ್ಲಿ ಲೊಚಗುಟ್ಟಿದಷ್ಟೇ ಸದ್ದು ಮಾಡಿ ಸುಮ್ಮನಾಯಿತು. ದ್ವಾರಕಾನಾಥ ಹಿಡಿಕೆಯನ್ನು ಮೂರು ಬಾರಿ ತಿರುಗಿಸಿದ. ಉಕ್ಕಿನ ಗುಂಡು ಹೊರಗೆ ಉರುಳಲಿಲ್ಲ.

ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಹೊರಗೆ ಅಮಾವಾಸ್ಯೆಯ ಕತ್ತಲೆ. ಸಹಾಯಕ ಸ್ಟೇಷನ್ ಮಾಸ್ಟರಾಗಿ ಅವನು ದೊಡ್ಡಕುಂಟೆಗೆ ಬಂದು ಆರೇ ದಿನವಾಗಿತ್ತು. ಅಲ್ಲಿಂದ ಮುತ್ತನಕೆರೆಗೆ ಒಂಟಿ ಹಳಿ. ಆ ಗುಂಡು ಕೈಗೆ ಸಿಕ್ಕರೆ ಮಾತ್ರ ಡ್ರೈವರು ಗಾಡಿ ಬಿಡಬಹುದು. ಒಂದು ಕಡೆ ಗುಂಡು ಹೊರಗಿದ್ದರೆ ಇನ್ನೊಂದು ಕಡೆಯ ಯಂತ್ರ ಗುಂಡು ಬಿಡುವುದಿಲ್ಲ. ಯಂತ್ರ ಕೆಟ್ಟರೆ, ಎದುರಿನ ಮಾಸ್ಟರನ್ನು ಫೋನಿನಲ್ಲಿ ಕೇಳಿ, ಅವನು ಹೇಳುವ ಗುಪ್ತ ಸಂಖ್ಯೆಯನ್ನು ಬರೆದು ಡ್ರೈವರಿಗೆ ಚೀಟಿ ಕೊಡಬೇಕು.

ಪಾಯಿಂಟ್ಸ್‌ಮನ್ ಬೈರಪ್ಪ ಲಾಟೀನು ಹಿಡಿದು ಬಾಗಿಲಲ್ಲಿ ನಿಂತ.

"ಸಾಮಿ, ಇವತ್ತು ಮಾಲಯ ಅಮಾಸೆ. ಫೋನ್ನಾಗೆ ಮೊದ್ಲು ಆ ಮಾತು ಕೇಳ್ಬುಡಿ."

"ಯಾವ ಮಾತಯ್ಯಾ?"

"ನೀನು ಸತ್ತಿದೀಯಾ ಅಂತ. ಊಂ ಅಂದ್ರೆ ಮಡಗ್ಬುಡಿ. ನಾನೇ ನಡ್ಕೊಂಡೋಗಿ ಕಾಗದ ತತ್ತೀನಿ."

ಹಿಂದಿದ್ದ ಮಾಸ್ಟರುಗಳೆಲ್ಲ ಹಾಗೇ ಕೇಳುತ್ತಿದ್ದರಂತೆ. ಊರಿನಲ್ಲಿ ಮಾರಕ್ಕ ಎಂಬವಳಿದ್ದಳು, ಅವಳ ಮಗ ಹಳಿ ಕೆಲಸದವನು. ಅವನ ಕಾಲು ತುಂಡಾದಾಗ, ಬರುವ ಗಾಡಿ ನಿಲ್ಲಿಸಿ ಆಸ್ಪತ್ರೆಗೆ ಒಯ್ಯಿರೆಂದು ಅವಳು ಇದೇ ಕೋಣೆಯ ಬಾಗಿಲಲ್ಲಿ ಹೊರಳಾಡಿದ್ದಳು. ಆಗಿನ ಮಾಸ್ಟರು ಮೂರು ಸಲ ಕೇಳಿದರೂ ಫೋನು ಇಲ್ಲ ಎಂದೇ ಅಂದಿತ್ತು. ಮಗನನ್ನು ಮಣ್ಣು ಮಾಡಿದ ಮೇಲೆ ಅವಳು ಮಾಟಗಾರನನ್ನು ಕರೆತಂದಳು. ಸಮಾಧಿಯ ಮಣ್ಣಿನಿಂದ ಗೊಂಬೆ ಮಾಡಿಸಿ, ಅದರ ಬಾಯಿಗೆ ತಾಮ್ರದ ತಂತಿ ಚುಚ್ಚಿಸಿ, ಫೋನಿನ ಕಂಬದ ಬುಡದಲ್ಲಿ ಹೂಳಿಸಿದಳು. ಇನ್ನು ಮೇಲೆ ಇವರು ಏನು ಕೇಳಿದರೂ ಈ ತಂತಿ ಹೂಂ ಅನ್ನಲಿ ಎಂದಳಂತೆ.

"ಇಲಾಖೆಯ ಫೋನಿನಲ್ಲಿ ನಿಂತು ಸತ್ತಿದೀಯಾ ಅಂತ ಕೇಳಲಾ? ಕೆಲಸ ಉಳಿಯುತ್ತಾ?"

ಪ್ಲಾಟ್‌ಫಾರಮ್ಮಿನಿಂದ ಬೈರಪ್ಪನ ಮಗಳು ಕೃಷ್ಣಮ್ಮ ನಕ್ಕಳು. ಮೊದಲ ಪಾಳಿಗೆ ಕಾರ್ಖಾನೆಗೆ ಹೊರಟವಳು. "ಬಿಡಪ್ಪಾ, ಸಾರು ಬಿಎಸ್ಸಿ. ದೆವ್ವಾನೇ ಇಂಗ್ಲಿಷಿನಾಗೆ ಮಾತಾಡ್ಬೇಕಾಯ್ತದೆ."

"ನೀನು ಸುಮ್ಕಿರು. ಅವರು ಕೇಳೋಗಂಟ ಗಾಡಿ ಅತ್ತಬ್ಯಾಡ," ಎಂದ ಬೈರಪ್ಪ.

ಗಾಡಿ ಬಂದು ನಿಂತಿತು. ಹಬ್ಬದ ಸಂತೆಗೆ ಹೊರಟ ದಂಟಿನ ಸೊಪ್ಪು, ಬಾಳೆ ಎಲೆ, ಹೆಂಗಸರ ಗದ್ದಲ. ದ್ವಾರಕಾನಾಥ ಫೋನೆತ್ತಿದ. ಕಿವಿಗೊತ್ತಿದ ತುದಿಯಿಂದ ಆಗತಾನೇ ಅಗೆದ ಗುಂಡಿಯ ವಾಸನೆ ಬಂತು.

"ಮುತ್ತನಕೆರೆಯಾ? ಶ್ಯಾಮಣ್ಣ, ನಮ್ಮ ಪ್ಯಾಸೆಂಜರಿಗೆ ಲೈನ್ ಕ್ಲಿಯರಾ?"

ಗರಗರ ಸದ್ದು. "ಹೂಂ."

"ನಂಬರ್ ಹೇಳಿ."

ಮತ್ತೆ ಗರಗರ ಸದ್ದಷ್ಟೇ. ಇಂಜಿನ್ನು ಸೀಟಿ ಹೊಡೆಯಿತು. ಆಗಲೇ ಏಳು ನಿಮಿಷ ತಡ.

"ಏನಂದ್ರಿ? ಐವತ್ತೆರಡಾ?"

"ಹೂಂ."

ಅವನು ಬರೆದುಕೊಂಡ. ಚೀಟಿ ಹರಿದ.

"ಕೇಳಿದ್ರಾ ಸಾಮಿ?" ಬೈರಪ್ಪ ಬಾಗಿಲಲ್ಲೇ ಇದ್ದ.

"ಕೇಳಿದೆ ಕಣಯ್ಯ. ಸತ್ತಿಲ್ಲವಂತೆ."

ಬೈರಪ್ಪನ ಮುಖ ಸಡಿಲಾಯಿತು. ಅವನೇ ಮಗಳ ಕೈ ಹಿಡಿದು ಹೆಂಗಸರ ಬೋಗಿಗೆ ಹತ್ತಿಸಿದ. ಗಾಡಿ ಹೊರಟಿತು. ಹಿಂದಿನ ಕೆಂಪು ದೀಪ ಕತ್ತಲೆಯಲ್ಲಿ ಕರಗಿತು.

ಆಗ ಫೋನು ಬಡಿದುಕೊಂಡಿತು. ಈ ಸಲ ಶ್ಯಾಮಣ್ಣನ ಕೆಮ್ಮು ಸ್ಪಷ್ಟವಾಗಿ ಕೇಳಿಸಿತು.

"ನಮ್ಮ ಗಾಡಿ ಹೊರಡ್ತು ಕಣ್ರೀ. ನೀವು ಹೂಂ ಅಂದ ತಕ್ಷಣ ಬಿಟ್ಟೆ."

"ನಾನೆಲ್ಲಿ ಅಂದೆ?"

"ಈಗ ತಾನೇ ಅಂದ್ರಲ್ಲ."

"ನಾನೂ ಬಿಟ್ಟಿದೀನಿ. ಶ್ಯಾಮಣ್ಣ, ನಿಮ್ಮದನ್ನ ನಿಲ್ಲಿಸೋಕೆ ಆಗತ್ತಾ?"

"ಹೂಂ."

ಅದು ಶ್ಯಾಮಣ್ಣನ ದನಿಯಾಗಿರಲಿಲ್ಲ.

"ನಿಂತಿತಾ?"

"ಹೂಂ."

"ಎಲ್ಲರೂ ಬದುಕ್ತಾರಾ?"

"ಹೂಂ." ಹಸಿಮಣ್ಣು ಕಿವಿಯೊಳಗೇ ಉದುರಿದಂತಾಯಿತು.

ಅವನು ಹೊರಗೋಡಿದ. ಅವನ ಮುಖ ನೋಡಿದ್ದೇ ಬೈರಪ್ಪ ಕೆಂಪು ದೀಪ ಎತ್ತಿಕೊಂಡು ಹಳಿಯ ಮೇಲೆ ಓಡಿದ. ಅರವತ್ತು ವರ್ಷದ ಕಾಲುಗಳು. ಗಾಡಿ ಆಗಲೇ ಎರಡು ಮೈಲಿ ದೂರ. ದ್ವಾರಕಾನಾಥ ನಿಂತ. ಮಾಡಲು ಏನೂ ಇರಲಿಲ್ಲ. ಗಡಿಯಾರ ನೋಡಿದ. ಗಾಡಿಗಳು ಎದುರಾಗಲು ಎಂಟು ನಿಮಿಷ. ಏಳು. ಸಿಗ್ನಲ್ಲಿನ ಸನ್ನೆಗೋಲು ಎಳೆದ. ಯಾರಿಗೆ? ಆರು. ದೂರದಲ್ಲಿ ಒಂದು ಸೀಟಿ. ಅದಕ್ಕೆದುರಾಗಿ ಇನ್ನೊಂದು. ಎರಡೂ ಉದ್ದವಾದವು. ಎರಡೂ ನಿಲ್ಲಲಿಲ್ಲ. ಅಂಗಾಲಿನ ಕೆಳಗೆ ನೆಲ ಒಮ್ಮೆ ಅದುರಿತು. ಸದ್ದು ಆಮೇಲೆ ಬಂತು. ಅದರ ಹಿಂದೆ ಏನೂ ಇಲ್ಲ. ನಾಯಿಯೂ ಬೊಗಳಲಿಲ್ಲ.

ಬೆಳಕಾದಾಗ ಅವನು ಅಲ್ಲಿದ್ದ. ಒಂದು ಇಂಜಿನ್ನು ಇನ್ನೊಂದರ ಮೇಲೆ ಹತ್ತಿತ್ತು. ಸೊಪ್ಪಿನ ಹಸಿ ವಾಸನೆ, ಎಣ್ಣೆಯ ವಾಸನೆ, ರಕ್ತದ ವಾಸನೆ. ಬೈರಪ್ಪ ಮಗಳನ್ನು ಹುಡುಕಿಕೊಂಡಿದ್ದ. ತನ್ನ ತಲೆಯ ಟವೆಲು ಬಿಚ್ಚಿ ಅವಳ ಮುಖ ಮುಚ್ಚಿದ್ದ.

ತನಿಖೆಗೆ ಬಂದ ಅಧಿಕಾರಿ ನೋಟ್‌ಬುಕ್ ತೆರೆದು ದ್ವಾರಕಾನಾಥನತ್ತ ತಿರುಗಿದರು. "ಮುತ್ತನಕೆರೆಯವರು ನಂಬರ್ ಹೇಳಿದ್ದು ನಿಜವಾ?"

ಉತ್ತರಿಸಿದವನು ಬೈರಪ್ಪ. "ನಮ್ ಸಾಮಿ ಎಲ್ಲಾ ಕೇಳೇ ಬಿಟ್ಟಿದ್ದು. ನಾನು ಬಾಗಿಲಾಗೇ ಇದ್ದೆ. ಅದಕ್ಕೇ ಮಗೀನ ಅತ್ತಿಸ್ದೆ."

ಅಧಿಕಾರಿ ಬರೆದುಕೊಂಡರು.

ಕೃಷ್ಣಮ್ಮನನ್ನು ಎತ್ತುವ ಹೊತ್ತಿಗೆ ದ್ವಾರಕಾನಾಥ ಬಾಗಿ ಚಟ್ಟದ ಒಂದು ತುದಿಗೆ ಕೈಹಾಕಿದ.

"ಬ್ಯಾಡಿ ಸಾಮಿ," ಎಂದ ಬೈರಪ್ಪ ಮೆಲ್ಲಗೆ. "ನಿಮ್ ಬಟ್ಟೆ ಕೊಳೆ ಆಯ್ತದೆ."

ಅವನು ಕೈ ತೆಗೆದ. ಆ ಗಳಿಗೆಯಲ್ಲೇ ತೀರ್ಮಾನವಾಗಿಹೋಯಿತು: ತಾನು ಆ ಮಾತು ಕೇಳಲೇ ಇಲ್ಲವೆಂದು ಯಾರಿಗೂ ಹೇಳುವುದಿಲ್ಲ. ಅಧಿಕಾರಿಗೆ, ಮನೆಯವರಿಗೆ, ಯಾರಿಗೂ. ಎಲ್ಲರಿಗಿಂತ ಹೆಚ್ಚಾಗಿ ಈ ಮನುಷ್ಯನಿಗೆ.