ಕಪ್ಪೆ ಕೂಗಿಸುವ ವಿದ್ಯೆ

ಒಂದು ಟಿಕೆಟ್ ಕೊಳ್ಳದ ತಪ್ಪಿಗೆ ಮಿಮಿಕ್ರಿಯವನಿಗೆ ಹೆಣ್ಣು ತಪ್ಪಿತ್ತು. ಕಾಲಿಡಲು ಜಾಗವಿಲ್ಲದ ಬಸ್ಸು ಅದು. ಹತ್ತಿದ ಚೆಕಿಂಗ್ ಮೇಡಂ "ಟಿಕೆಟ್, ಟಿಕೆಟ್" ಎಂದವಳೇ ಅಷ್ಟೂ ಜನರನ್ನು ಬಿಟ್ಟು ನೆಟ್ಟಗೆ ಅವನ ಮುಂದೆ ಬಂದು ನಿಂತಿದ್ದಳು. ಎದುರು ಸೀಟಿನಲ್ಲಿ ಭಾವೀ ಅತ್ತೆ.

"ಇಷ್ಟು ಜನದಲ್ಲಿ ನಾನೇ ಹೇಗೆ ಕಂಡೆ ನಿಮಗೆ?"

"ಅದು ನನ್ನ ಹೊಟ್ಟೆಪಾಡು ಮರಿ, ಹೇಳ್ಕೊಡಲ್ಲ."

ಅತ್ತೆ ಮುಂದಿನ ಸ್ಟಾಪಿನಲ್ಲಿ ಇಳಿದಳು. ಸಂಬಂಧವೂ ಅವಳ ಜೊತೆಗೇ ಇಳಿಯಿತು.

ಆ ಚೆಕಿಂಗ್ ಮೇಡಂಗೆ ಅವನಿಟ್ಟ ಹೆಸರು ಹದ್ದಮ್ಮ. ಇವತ್ತು ಅವಳ ನಿವೃತ್ತಿ. ಡಿಪೋದವರು ಚಿನ್ನದ ಕೈಗಡಿಯಾರ ಕೊಟ್ಟಿದ್ದರು. ಅವಳು ಮನೆಗೆ ಹೊರಟಿದ್ದು ಸಂಜೆಯ ಬಸ್ಸಿನಲ್ಲಿ. ಸೇಡಿಗೆ ಆ ಗಡಿಯಾರ ಎಗರಿಸಬೇಕೆಂದರೆ, ಅದನ್ನು ಎಲ್ಲಿಟ್ಟಿದ್ದಾಳೆಂಬುದನ್ನು ಅವಳ ಕೈಯಿಂದಲೇ ಹೇಳಿಸಬೇಕು. ಬಾವಲಿ ಕಪ್ಪೆಗಾಗಿ ಕೆರೆಯೆಲ್ಲ ತಡಕಾಡುವುದಿಲ್ಲ, ಕಪ್ಪೆಯೇ ವಟಗುಟ್ಟಿ ವಿಳಾಸ ಕೊಡುತ್ತದೆ ಎಂದು ಅವನು ಟೀವಿಯಲ್ಲಿ ನೋಡಿದ್ದ. ಹೆಣ್ಣನ್ನು ಕರೆಯಲು ಹೋಗಿ ಪ್ರಾಣ ಕಳೆದುಕೊಂಡ ಆ ಕಪ್ಪೆಯ ಮೇಲೆ ತುಸು ಕನಿಕರವೂ ಹುಟ್ಟಿತ್ತು.

ಆ ಬಸ್ಸಿನ ಕಂಡಕ್ಟರನ ದನಿ ಮೂಗಿನಲ್ಲಿ ಶುರುವಾಗಿ ಕೆಮ್ಮಿನಲ್ಲಿ ಮುಗಿಯುತ್ತಿತ್ತು. ಅದನ್ನು ಇವನು ಕೆಮ್ಮಿನ ಸಮೇತ ಕಲಿತ. ಈ ಸಲ ಟಿಕೆಟ್ಟೂ ಕೊಂಡ. ಮಾಡಿದ ತಪ್ಪನ್ನೇ ಮತ್ತೆ ಮಾಡಲು ಅವನೇನು ದಡ್ಡನೇ?

ಹದ್ದಮ್ಮನ ಸೀಟಿನ ಹಿಂದೆಯೇ ಕಂಬ ಹಿಡಿದು ನಿಂತು, ತಲೆ ತಗ್ಗಿಸಿ, ತುಟಿ ಅಲುಗಿಸದೆ ಕೂಗಿದ: "ಜೇಬುಗಳ್ಳರು ಹತ್ತಿದ್ದಾರೆ, ನಿಮ್ಮ ನಿಮ್ಮ ಸಾಮಾನು ನೋಡ್ಕೊಳ್ರಪ್ಪಾ, ಹುಹ್ಹು."

ಬಸ್ಸಿಗೆ ಬಸ್ಸೇ ವಟಗುಟ್ಟಿತು. ಕೈಗಳು ಜೇಬಿಗೆ, ಕತ್ತಿಗೆ, ಸೊಂಟಕ್ಕೆ ಹಾರಿದವು. ಒಬ್ಬ ಅಜ್ಜ ಹೆಂಡತಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡ.

"ನನ್ನನ್ನ ಯಾರು ಕದೀತಾರೆ, ಬಿಡ್ರೀ," ಎಂದಳು ಅಜ್ಜಿ.

ಹದ್ದಮ್ಮನ ಕೈ ಮಡಿಲಲ್ಲಿದ್ದ ಚೀಲದೊಳಗೆ ಹೋಯಿತು. ಹಳೆಯ ಚಾಳಿಯಂತೆ ತಿರುಗಿ ಬಸ್ಸಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ, ಮತ್ತೆ ಕಿಟಕಿಯತ್ತ ಮುಖ ಮಾಡಿದಳು. ಸಿಕ್ಕಿತು ವಿಳಾಸ. ತಿರುವಿನಲ್ಲಿ ಬ್ರೇಕ್ ಬಿತ್ತು. ಜನರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ಅವನೂ ಸಭ್ಯವಾಗಿ ವಾಲಿ, ಎರಡು ಬೆರಳು ಚೀಲದೊಳಗೆ ಇಳಿಸಿದ.

ಅಲ್ಲಿ ಗಡಿಯಾರದ ಬದಲು ಐದು ಬೆರಳು ಕಾದು ಕುಳಿತಿದ್ದವು. ಅವನ ಮಣಿಕಟ್ಟು ಹಿಡಿದು ಹದ್ದಮ್ಮ ಕತ್ತೆತ್ತಿ ನೋಡಿದಳು. "ಅಯ್ಯೋ, ನೀನಾ ಮರಿ? ಅವತ್ತು ಕೇಳಿದ್ಯಲ್ಲ, ಇವತ್ತು ಹೇಳ್ಕೊಡ್ತೀನಿ, ಹೇಗೂ ರಿಟೈರ್ ಆದೆ. ನಾನು ಟಿಕೆಟ್ ಅಂದ ತಕ್ಷಣ ಅದು ಇದ್ದೋರ ಕೈಯೆಲ್ಲ ಜೇಬಿಗೆ ಹೋಗುತ್ತೆ. ನಾನು ಹುಡುಕೋದು ಹೋಗದೇ ಇರೋ ಕೈನ." ಅವನು ತನ್ನ ಇನ್ನೊಂದು ಕೈಯನ್ನು ನೋಡಿಕೊಂಡ. ಕಳ್ಳರಿದ್ದಾರೆ ಎಂದು ಇಡೀ ಬಸ್ಸು ಜೇಬು ಮುಟ್ಟಿಕೊಂಡಾಗ ಹಿಡಿದಿದ್ದ ಕಂಬವನ್ನು ಅದು ಇನ್ನೂ ಹಾಗೇ ಹಿಡಿದುಕೊಂಡಿತ್ತು.